ಗೋಪುರ ಎದ್ದಿದೆ, ಕಾಲ ಸರಿದಿದೆ: ಬಿಎಸ್‌ಎನ್‌ಎಲ್ ಬಂಡವಾಳದ ಲೆಕ್ಕ ಮತ್ತು ಗಡಿನಾಡಿನ ಕನ್ನಡ ಶಾಲೆ

2025ರ ಸೆಪ್ಟೆಂಬರ್ 27ರಂದು ಒಡಿಶಾದ ಝಾರ್ಸುಗುಡದಲ್ಲಿ ಪ್ರಧಾನಿ ನರೇಂದ್ರ ಮೋದಿಯವರು ಬಿಎಸ್‌ಎನ್‌ಎಲ್ ಸಂಸ್ಥೆಯ ಸ್ವದೇಶಿ 4ಜಿ ಜಾಲವನ್ನು ದೇಶಕ್ಕೆ ಸಮರ್ಪಿಸಿದರು. ಸುಮಾರು 37,000 ಕೋಟಿ ರೂಪಾಯಿ ವೆಚ್ಚದಲ್ಲಿ 97,500ಕ್ಕೂ ಹೆಚ್ಚು ಗೋಪುರಗಳು ಸಜ್ಜಾಗಿವೆ ಎಂದು ಆ ದಿನ ಸರ್ಕಾರ ಪ್ರಕಟಿಸಿತು. ಸಂಸ್ಥೆಯ ಬೆಳ್ಳಿಹಬ್ಬದ ವರ್ಷದಲ್ಲಿ ಇದು ಸಂತಸದ ಸುದ್ದಿಯೇ ಸರಿ. ಆದರೆ ಅಷ್ಟರಲ್ಲಿ ರಿಲಯನ್ಸ್ ಜಿಯೊ ದೇಶವ್ಯಾಪಿ 4ಜಿ ಸೇವೆಯನ್ನು ಆರಂಭಿಸಿ 9 ವರ್ಷಗಳು ಸಂದಿದ್ದವು; ಖಾಸಗಿ ಕಂಪನಿಗಳ 5ಜಿ ಸೇವೆ ಬಂದೂ 3 ವರ್ಷ ತುಂಬುತ್ತಿತ್ತು. ಮೂರು ಬಾರಿ ಪುನಶ್ಚೇತನದ ಪ್ಯಾಕೇಜ್, ಒಟ್ಟಾರೆ ಸುಮಾರು 3.22 ಲಕ್ಷ ಕೋಟಿ ರೂಪಾಯಿಗಳ ನೆರವು ಘೋಷಣೆಯಾದ ಮೇಲೂ ಈ ಅಂತರ ಉಳಿದದ್ದು ಹೇಗೆ? ಇಷ್ಟು ದೊಡ್ಡ ಮೊತ್ತದಲ್ಲಿ ನಮ್ಮ ಊರಿನ ಗೋಪುರಕ್ಕೆ ತಲುಪುವುದೆಷ್ಟು? ಈ ಎರಡು ಪ್ರಶ್ನೆಗಳನ್ನು ಗಡಿನಾಡಿನ ಕನ್ನಡಿಗರು ಕೇಳಲೇಬೇಕಾದ ಕಾಲವಿದು ಎಂದು ನಾವು ಭಾವಿಸಿದ್ದೇವೆ.

ಶಾಲೆಗೂ ಕಂಪನಿಗೂ ಏನು ಸಂಬಂಧ?

ಒಂದು ಕಂಪನಿಯ ಲಾಭನಷ್ಟದ ಲೆಕ್ಕ ಕನ್ನಡ ಮಾಧ್ಯಮದ ಮಕ್ಕಳ ಪೋಷಕರಿಗೇಕೆ ಎಂದು ಕೇಳುವವರಿದ್ದಾರೆ. ಕರ್ನಾಟಕದೊಳಗಿನ ಮಗುವಿಗೆ ಕನ್ನಡದ ಪುಸ್ತಕ, ಪತ್ರಿಕೆ, ಪ್ರಶ್ನೆಪತ್ರಿಕೆ, ಪೂರಕ ಓದು ಊರಿನ ಪೇಟೆಯಲ್ಲೇ ದೊರೆಯುತ್ತದೆ. ಮಂಜೇಶ್ವರದಿಂದ ತಾಳವಾಡಿಯವರೆಗೆ, ಅಕ್ಕಲಕೋಟೆ, ಜತ್ತಗಳಿಂದ ರಾಯದುರ್ಗ, ಮಡಕಶಿರಾಗಳವರೆಗೆ ಹರಡಿರುವ ನಮ್ಮ ಶಾಲೆಗಳ ಸ್ಥಿತಿ ಬೇರೆ. ರಾಜ್ಯದ ಬಹುಸಂಖ್ಯಾತ ಭಾಷೆಯಲ್ಲಿ ಎಲ್ಲವೂ ಮೊದಲು ಸಿದ್ಧವಾಗುತ್ತದೆ. ಕನ್ನಡದ ರೂಪ ತಡವಾಗಿ ಬರುತ್ತದೆ, ಕೆಲವೊಮ್ಮೆ ಬರುವುದೇ ಇಲ್ಲ. ಆ ಕೊರತೆಯನ್ನು ಇಂದು ತುಂಬುತ್ತಿರುವುದು ಅಂತರ್ಜಾಲ. ಶಿಕ್ಷಕರು ಪಾಠದ ಟಿಪ್ಪಣಿಗಳನ್ನು ಹಂಚಿಕೊಳ್ಳುವುದು, ಮಕ್ಕಳು ಕನ್ನಡದಲ್ಲಿ ವಿಜ್ಞಾನದ ದೃಶ್ಯಪಾಠ ನೋಡುವುದು, ದೀಕ್ಷಾ ವೇದಿಕೆಯಿಂದ ಸಾಮಗ್ರಿ ಇಳಿಸಿಕೊಳ್ಳುವುದು, ವಿದ್ಯಾರ್ಥಿವೇತನದ ಅರ್ಜಿ ತುಂಬುವುದು, ಇವೆಲ್ಲಕ್ಕೂ ಜಾಲ ಬೇಕು. 2020ರ ಜೂನ್ ತಿಂಗಳಲ್ಲಿ ಶಾಲೆಗಳು ಮುಚ್ಚಿದ್ದಾಗ ಗುಡ್ಡ ಹತ್ತಿ, ಮರದಡಿ ಕುಳಿತು ಪಾಠ ಕೇಳಿದ ಮಕ್ಕಳನ್ನು ಗಡಿಯ ಎಲ್ಲ ಜಿಲ್ಲೆಗಳೂ ಕಂಡಿವೆ. ಅಲ್ಪಸಂಖ್ಯಾತ ಭಾಷೆಯ ಶಾಲೆಗೆ ಜಾಲವು ಗ್ರಂಥಾಲಯವೂ ಹೌದು, ತಾಯ್ನುಡಿಯ ನಾಡಿನೊಡನೆ ಬೆಸೆಯುವ ಸೇತುವೆಯೂ ಹೌದು.

ಇನ್ನು ದೂರಸಂಪರ್ಕದ ಭೂಪಟವನ್ನು ನೋಡೋಣ. ದೇಶವನ್ನು ಇದಕ್ಕಾಗಿ 22 ವಲಯಗಳಾಗಿ ವಿಂಗಡಿಸಲಾಗಿದೆ; ಜನ ಇದನ್ನು ‘ಸರ್ಕಲ್’ ಎನ್ನುತ್ತಾರೆ. ಕಾಸರಗೋಡು, ವಯನಾಡು ಕೇರಳ ಸರ್ಕಲ್‌ಗೆ ಸೇರಿವೆ. ನೀಲಗಿರಿ, ಹೊಸೂರು, ತಾಳವಾಡಿ ತಮಿಳುನಾಡು ಸರ್ಕಲ್‌ಗೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಮತ್ತು ಗೋವಾ ಮಹಾರಾಷ್ಟ್ರ ಸರ್ಕಲ್‌ಗೆ. ಆದೋನಿ, ರಾಯದುರ್ಗ, ಮಡಕಶಿರಾ ಮತ್ತು ತೆಲಂಗಾಣವೆಲ್ಲ ಆಂಧ್ರಪ್ರದೇಶ ಸರ್ಕಲ್‌ಗೆ ಸೇರಿವೆ. ಮೊಬೈಲ್ ಸಂಕೇತಗಳು ಸಾಗುವ ತರಂಗಾಂತರವನ್ನು ಸರ್ಕಾರ ಹರಾಜು ಹಾಕುವುದು ಈ ಸರ್ಕಲ್‌ಗಳ ಲೆಕ್ಕದಲ್ಲೇ. ಹಣ ಕೊಟ್ಟು ತರಂಗಾಂತರ ಕೊಂಡ ಕಂಪನಿ ಹೆಚ್ಚು ಆದಾಯ ಬರುವ ನಗರಗಳಲ್ಲಿ ಮೊದಲು ಗೋಪುರ ನಿಲ್ಲಿಸುತ್ತದೆ. ಸರ್ಕಲ್‌ನ ಅಂಚಿನ ಸರದಿ ಕೊನೆಗೆ. ಹೊಸೂರಿನಂತಹ ಕೈಗಾರಿಕಾ ನಗರವನ್ನು ಬಿಟ್ಟರೆ ನಾವು ಬಾಳುತ್ತಿರುವುದು ಬಹುತೇಕ ಇಂತಹ ಅಂಚುಗಳಲ್ಲಿಯೇ. ಆದಕಾರಣ, ಲಾಭವನ್ನಷ್ಟೇ ನೋಡದೆ ಅಂಚಿಗೂ ಹೋಗಬೇಕಾದ ಹೊಣೆಯುಳ್ಳ ಸಾರ್ವಜನಿಕ ಕಂಪನಿ ಎಷ್ಟು ಸಮರ್ಥವಾಗಿದೆ ಎಂಬುದು ನಮಗೆ ಮನೆಯ ಪ್ರಶ್ನೆ.

ಹಣವಿದ್ದಾಗ ಅನುಮತಿಯಿಲ್ಲ

ಬಿಎಸ್‌ಎನ್‌ಎಲ್ ಹುಟ್ಟಿದ್ದು 2000ನೇ ಇಸವಿಯ ಅಕ್ಟೋಬರ್ 1ರಂದು, ಕೇಂದ್ರದ ದೂರಸಂಪರ್ಕ ಇಲಾಖೆಯ ಸೇವಾ ವಿಭಾಗಗಳು ಕಂಪನಿಯ ರೂಪ ತಾಳಿದಾಗ. ಇಂದಿನ ತಲೆಮಾರಿಗೆ ನಂಬಲು ಕಷ್ಟವಾದೀತು: 2004-05ರಲ್ಲಿ ಈ ಕಂಪನಿ 10,000 ಕೋಟಿ ರೂಪಾಯಿಗಳಿಗೂ ಮಿಗಿಲಾದ ಲಾಭ ಗಳಿಸಿತ್ತು. ಅದರ ಬಳಿ ಹಣವಿತ್ತು, ಹಳ್ಳಿಹಳ್ಳಿಗೂ ಎಳೆದ ತಂತಿಯಿತ್ತು, ಜನರ ನಂಬಿಕೆಯಿತ್ತು. ಅದೇ ಕಾಲಕ್ಕೆ ಮೊಬೈಲ್ ಬಳಕೆ ಪ್ರವಾಹದಂತೆ ಏರತೊಡಗಿತ್ತು.

ಪ್ರವಾಹ ಬಂದಾಗ ದೋಣಿ ಕಟ್ಟಲು ಅನುಮತಿ ಕೇಳುತ್ತ ಕೂರುವಂತಾಯಿತು ಕಂಪನಿಯ ಪಾಡು. 2006ರಲ್ಲಿ ಕರೆದ ಸುಮಾರು 4.5 ಕೋಟಿ ಲೈನ್‌ಗಳ ಉಪಕರಣ ಖರೀದಿಯ ಟೆಂಡರ್ ವಿವಾದಕ್ಕೆ ಸಿಕ್ಕಿ ಕೊನೆಗೆ ಅರ್ಧಕ್ಕಿಳಿಯಿತು. ಮುಂದೆ ಕರೆದ 9.3 ಕೋಟಿ ಲೈನ್‌ಗಳ ಟೆಂಡರ್ 2010ರಲ್ಲಿ ಪೂರ್ತಿಯಾಗಿ ರದ್ದಾಯಿತು. ಟೆಂಡರ್ ಪ್ರಕ್ರಿಯೆಯಲ್ಲಿ ದೋಷವಿದ್ದರೆ ರದ್ದುಗೊಳಿಸುವುದು ತಪ್ಪಲ್ಲ; ಸಾರ್ವಜನಿಕ ಹಣಕ್ಕೆ ಆ ಎಚ್ಚರ ಬೇಕು. ಆದರೆ ಖಾಸಗಿ ಕಂಪನಿ ಕೆಲವೇ ವಾರಗಳಲ್ಲಿ ಮುಗಿಸುವ ಖರೀದಿಗೆ ಸಾರ್ವಜನಿಕ ಕಂಪನಿಗೆ ವರ್ಷಗಳು ಹಿಡಿದವು. ಅಷ್ಟರಲ್ಲಿ ಗ್ರಾಹಕರು ಬೇರೆಯವರ ಸಿಮ್ ಕೊಂಡುಕೊಂಡಿದ್ದರು.

2010ರಲ್ಲಿ ಇನ್ನೊಂದು ಪೆಟ್ಟು ಬಿತ್ತು. 3ಜಿ ತರಂಗಾಂತರವನ್ನು ಬಿಎಸ್‌ಎನ್‌ಎಲ್‌ಗೆ ಹರಾಜಿಗೆ ಮೊದಲೇ ಕೊಡಲಾಗಿತ್ತು. ಆದರೆ ಬೆಲೆಯನ್ನು ಮಾತ್ರ ಖಾಸಗಿಯವರು ಹರಾಜಿನಲ್ಲಿ ಕೂಗಿದ ಮಟ್ಟದಲ್ಲೇ ತೆರಬೇಕಾಯಿತು. 3ಜಿ ಹಾಗೂ ನಿಸ್ತಂತು ಬ್ರಾಡ್‌ಬ್ಯಾಂಡ್ ಎರಡಕ್ಕೂ ಸೇರಿ ಸುಮಾರು 18,500 ಕೋಟಿ ರೂಪಾಯಿ ಕಂಪನಿಯ ಗಂಟಿನಿಂದ ಹೊರಗೆ ಹೋಯಿತು. ಅದರ ಒಂದು ಭಾಗ ವರ್ಷಗಳ ನಂತರ ಹಿಂದಿರುಗಿತಾದರೂ, ಗೋಪುರ ನಿಲ್ಲಿಸಲು ಬೇಕಾಗಿದ್ದ ವರ್ಷದಲ್ಲಿ ಕೈ ಬರಿದಾಗಿತ್ತು. 2009-10ರಲ್ಲಿ ಸಂಸ್ಥೆ ಮೊದಲ ಬಾರಿಗೆ ನಷ್ಟ ಕಂಡಿತು.

2016ರ ಸೆಪ್ಟೆಂಬರ್ 5ರಂದು ಜಿಯೊ 4ಜಿ ಸೇವೆ ಆರಂಭಿಸಿದಾಗ ಬಿಎಸ್‌ಎನ್‌ಎಲ್ ಬಳಿ ದೇಶವ್ಯಾಪಿ 4ಜಿ ನಡೆಸಲು ತರಂಗಾಂತರವೇ ಇರಲಿಲ್ಲ. ಅದು ಮಂಜೂರಾಗಿದ್ದು 2019ರ ಅಕ್ಟೋಬರ್‌ನಲ್ಲಿ. ಮೂರು ವರ್ಷಗಳ ಈ ಅವಧಿಯಲ್ಲಿ ದೇಶದ ಜನ ಮಾತಿನ ಮೊಬೈಲ್‌ನಿಂದ ಡೇಟಾ ಮೊಬೈಲ್‌ಗೆ ಹೊರಳಿಕೊಂಡರು. ಖಾಸಗಿ ಪೈಪೋಟಿಯಿಂದ ಡೇಟಾ ಅಗ್ಗವಾಯಿತು, ಬಡವರ ಕೈಗೂ ಎಟುಕಿತು, ಅದನ್ನು ಮರೆಯಬಾರದು. ಆದರೆ ಆ ಓಟದ ಸ್ಪರ್ಧೆಯಲ್ಲಿ ಸರ್ಕಾರ ತನ್ನದೇ ಕಂಪನಿಯ ಕಾಲಿಗೆ ಪಾದರಕ್ಷೆ ಕೊಟ್ಟದ್ದು ಉಳಿದವರು ಗುರಿ ಸಮೀಪಿಸಿದ ಮೇಲೆ.

3.22 ಲಕ್ಷ ಕೋಟಿಯ ಒಳಲೆಕ್ಕ

ಈಗ ಪ್ಯಾಕೇಜ್‌ಗಳನ್ನು ಬಿಡಿಸಿ ನೋಡೋಣ. ಮೊದಲನೆಯದು 2019ರ ಅಕ್ಟೋಬರ್ 23ರಂದು ಕೇಂದ್ರ ಸಂಪುಟ ಒಪ್ಪಿದ, ಬಿಎಸ್‌ಎನ್‌ಎಲ್ ಮತ್ತು ಎಂಟಿಎನ್‌ಎಲ್ ಎರಡಕ್ಕೂ ಸೇರಿದ ಸುಮಾರು 69,000 ಕೋಟಿ ರೂಪಾಯಿಗಳದ್ದು. ಇದರಲ್ಲಿ 20,140 ಕೋಟಿ 4ಜಿ ತರಂಗಾಂತರದ ಬೆಲೆ. ಸುಮಾರು 30,000 ಕೋಟಿ ನೌಕರರ ಸ್ವಯಂನಿವೃತ್ತಿಗೆ ಮತ್ತು ಅದಕ್ಕೆ ಸಂಬಂಧಿಸಿದ ಪಿಂಚಣಿಗೆ. 15,000 ಕೋಟಿ ಸರ್ಕಾರದ ಖಾತರಿಯ ಮೇಲೆ ಎತ್ತುವ ಸಾಲ. ಹೊಸ ಗೋಪುರಗಳಿಗೆಂದು ನೇರವಾಗಿ ಬಂದದ್ದು ಅತ್ಯಲ್ಪ.

ಎರಡನೆಯದು 2022ರ ಜುಲೈ 27ರ 1.64 ಲಕ್ಷ ಕೋಟಿಯ ಪ್ಯಾಕೇಜ್. ಮೊತ್ತ ಕೇಳಿದರೆ ಎದೆ ಝಲ್ಲೆನ್ನುತ್ತದೆ. ಸರ್ಕಾರವೇ ಕೊಟ್ಟ ವಿವರದಂತೆ ಇದರಲ್ಲಿ ನಗದು 43,964 ಕೋಟಿ. ಉಳಿದ ಸುಮಾರು 1.2 ಲಕ್ಷ ಕೋಟಿ ನಗದಲ್ಲದ ನೆರವು. ಅಂದರೆ ಪ್ರತಿ 100 ರೂಪಾಯಿಯಲ್ಲಿ ಕೈಗೆ ಬರುವ ಹಣ 27 ರೂಪಾಯಿ. ಬಂಡವಾಳ ವೆಚ್ಚಕ್ಕೆ, ಎಂದರೆ ಉಪಕರಣ ಮತ್ತು ಜಾಲ ಕಟ್ಟುವುದಕ್ಕೆ, ನಾಲ್ಕು ವರ್ಷಗಳ ಅವಧಿಗೆ ಇಟ್ಟದ್ದು 22,471 ಕೋಟಿ. 100ರಲ್ಲಿ 14 ರೂಪಾಯಿಗೂ ಕಡಿಮೆ. ಹಳೆಯ ಬಾಕಿಯನ್ನು ಷೇರಾಗಿ ಬದಲಿಸಿದ ಮೊತ್ತ ಸುಮಾರು 33,400 ಕೋಟಿ. ತರಂಗಾಂತರದ ಬೆಲೆ ಸುಮಾರು 45,000 ಕೋಟಿ. ಸಾಲಪತ್ರಗಳಿಗೆ ಸರ್ಕಾರ ನಿಂತ ಜಾಮೀನು ಸುಮಾರು 40,400 ಕೋಟಿ.

ಮೂರನೆಯದು 2023ರ ಜೂನ್ 7ರ 89,047 ಕೋಟಿಯದ್ದು. ಇದು ಬಹುತೇಕ ಪೂರ್ತಿಯಾಗಿ 4ಜಿ, 5ಜಿ ತರಂಗಾಂತರದ ಬೆಲೆ. ಸರ್ಕಾರದ ತರಂಗಾಂತರವನ್ನು ಸರ್ಕಾರದ ಕಂಪನಿಗೆ ಕೊಟ್ಟು, ಅದರ ಮಾರುಕಟ್ಟೆ ಬೆಲೆಯನ್ನು ಸರ್ಕಾರದ ಷೇರು ಬಂಡವಾಳವೆಂದು ಬರೆದುಕೊಂಡ ವ್ಯವಹಾರವಿದು.

ಇದನ್ನು ಸುಳ್ಳು ಲೆಕ್ಕವೆಂದು ನಾವು ಹೇಳುತ್ತಿಲ್ಲ. ಆ ತರಂಗಾಂತರವನ್ನು ಹರಾಜು ಹಾಕಿದ್ದರೆ ಬೊಕ್ಕಸಕ್ಕೆ ಹಣ ಬರುತ್ತಿತ್ತು. ಆದ್ದರಿಂದ ಸರ್ಕಾರ ಬಿಟ್ಟುಕೊಟ್ಟದ್ದು ನಿಜವಾದ ಸಂಪತ್ತೇ. ಅದರಲ್ಲಿ 700 ಮೆಗಾಹರ್ಟ್ಸ್ ಬ್ಯಾಂಡ್ ವಿಶೇಷವಾಗಿ ನಮಗೆ ಮುಖ್ಯ. ಕಡಿಮೆ ಆವರ್ತದ ಈ ಅಲೆಗಳು ದೂರ ಸಾಗುತ್ತವೆ. ಮರ, ಗೋಡೆಗಳ ಅಡ್ಡಿಯನ್ನು ಹೆಚ್ಚು ಸಹಿಸುತ್ತವೆ. ವಯನಾಡು, ನೀಲಗಿರಿ, ತಾಳವಾಡಿಯಂತಹ ಕಾಡುಗುಡ್ಡದ ಸೀಮೆಯಲ್ಲಿ ಕಡಿಮೆ ಗೋಪುರಗಳಿಂದ ಹೆಚ್ಚು ಮನೆಗಳನ್ನು ತಲುಪಲು ಇದು ನೆರವಾಗಬಲ್ಲದು. ಆದರೆ ತರಂಗಾಂತರವೆಂಬುದು ಗದ್ದೆಯ ಪಟ್ಟಾ ಇದ್ದಂತೆ. ಪಟ್ಟಾ ಕೈಗೆ ಬಂದ ಮಾತ್ರಕ್ಕೆ ಬೆಳೆ ಬರುವುದಿಲ್ಲ. ಬಿತ್ತನೆ, ನೀರು, ಆಳು ಎಲ್ಲವೂ ಬೇಕು. ಸುದ್ದಿಯ ತಲೆಬರಹದಲ್ಲಿ ಲಕ್ಷ ಕೋಟಿಗಳ ಪಟ್ಟಾ ಕಾಣುತ್ತದೆ. ಗದ್ದೆಗೆ ಇಳಿದ ಹಣ ಎಷ್ಟೆಂಬುದು ಒಳಪುಟದಲ್ಲಿ ಅಡಗಿರುತ್ತದೆ. 2025ರ ಫೆಬ್ರವರಿಯಲ್ಲಿ 4ಜಿ ಜಾಲಕ್ಕಾಗಿ ಇನ್ನೂ 6,982 ಕೋಟಿ ಬಂಡವಾಳ ವೆಚ್ಚವನ್ನು ಕೇಂದ್ರ ಸಂಪುಟ ಮಂಜೂರು ಮಾಡಬೇಕಾಗಿ ಬಂದದ್ದೇ ಈ ವ್ಯತ್ಯಾಸಕ್ಕೆ ಸಾಕ್ಷಿ.

ಸ್ವದೇಶಿ ನಿರ್ಧಾರ: ಅದರ ಬೆಲೆ, ಅದರ ಫಲ

ತರಂಗಾಂತರ ದೊರೆತ ಮೇಲೂ ಏಕೆ ತಡವಾಯಿತು? 2020ರ ಮಾರ್ಚ್‌ನಲ್ಲಿ ಕರೆದ 4ಜಿ ಟೆಂಡರ್ ಜುಲೈನಲ್ಲಿ ರದ್ದಾಯಿತು. ಚೀನಾದೊಡನೆ ಗಡಿಯ ಸಂಘರ್ಷ ನಡೆದ ಸಮಯವದು. ದೇಶದ ಸಂಪರ್ಕ ಜಾಲದಲ್ಲಿ ಯಾರ ಯಂತ್ರವಿರಬೇಕೆಂಬ ಪ್ರಶ್ನೆ ಎದ್ದಿತ್ತು. ಬಿಎಸ್‌ಎನ್‌ಎಲ್ ದೇಶೀಯ ತಂತ್ರಜ್ಞಾನವನ್ನೇ ಬಳಸಬೇಕೆಂದು ಸರ್ಕಾರ ತೀರ್ಮಾನಿಸಿತು. ಖಾಸಗಿ ಕಂಪನಿಗಳು ವಿದೇಶಿ ತಯಾರಕರ ಸಿದ್ಧ ಉಪಕರಣಗಳನ್ನು ಕೊಂಡು ಮುಂದೆ ಸಾಗಿದರೆ, ಬಿಎಸ್‌ಎನ್‌ಎಲ್ ಇನ್ನೂ ತಯಾರಾಗದ ಉಪಕರಣಕ್ಕಾಗಿ ಕಾಯಬೇಕಾಯಿತು. ಟಿಸಿಎಸ್ ನೇತೃತ್ವದ ಒಕ್ಕೂಟಕ್ಕೆ ಮುಂಗಡ ಖರೀದಿ ಆದೇಶ ಸಿಕ್ಕಿದ್ದು 2023ರ ಮೇ ತಿಂಗಳಲ್ಲಿ.

ಈ ನಿರ್ಧಾರದ ಫಲವನ್ನು ಕಡೆಗಣಿಸಲಾಗದು. ಜಾಲದ ತಿರುಳು ಸರ್ಕಾರಿ ಸಂಶೋಧನಾ ಸಂಸ್ಥೆ ಸಿ-ಡಾಟ್‌ನದು. ಗೋಪುರದ ರೇಡಿಯೊ ಉಪಕರಣ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್‌ನದು. 1948ರಲ್ಲಿ ಸ್ಥಾಪನೆಯಾಗಿ ಬೆಂಗಳೂರಿನ ದೂರವಾಣಿನಗರಕ್ಕೆ ಹೆಸರು ತಂದ ಐಟಿಐಗೂ ಆದೇಶದ ಒಂದು ಪಾಲು ದೊರೆಯಿತು. 4ಜಿ ಜಾಲವನ್ನು ಸ್ವಂತವಾಗಿ ಕಟ್ಟಬಲ್ಲ ಕೆಲವೇ ದೇಶಗಳ ಸಾಲಿಗೆ ಭಾರತ ಸೇರಿತು. ಕನ್ನಡಿಗ ಎಂಜಿನಿಯರುಗಳ ಶ್ರಮವೂ ಇದರಲ್ಲಿ ಬೆರೆತಿದೆ.

ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ರಾಷ್ಟ್ರದ ಭದ್ರತೆ ಮತ್ತು ಸ್ವಾವಲಂಬನೆ ಎಲ್ಲರ ಹಿತವಾದರೆ, ಅದರ ಬೆಲೆಯನ್ನು ಎಲ್ಲರೂ ಹೊರಬೇಕು. ಇಲ್ಲಿ ಆ ಬೆಲೆಯನ್ನು ಕಾಲದ ರೂಪದಲ್ಲಿ ತೆತ್ತದ್ದು ಒಂದೇ ಕಂಪನಿ ಮತ್ತು ಅದನ್ನೇ ನಂಬಿದ ಹಳ್ಳಿಯ ಗ್ರಾಹಕ. ನಗರದ ಮಗು 2017ರಲ್ಲೇ 4ಜಿಯಲ್ಲಿ ಪಾಠ ನೋಡಿತು. ಬಿಎಸ್‌ಎನ್‌ಎಲ್ ಒಂದೇ ಸಿಗುವ ಊರಿನ ಮಗು ಎಂಟು ವರ್ಷ ಕಾಯಿತು. 2017ರಲ್ಲಿ ಒಂದನೆಯ ತರಗತಿಗೆ ಸೇರಿದ ಮಗು 2025ರ ಹೊತ್ತಿಗೆ ಹೈಸ್ಕೂಲು ತಲುಪಿರುತ್ತದೆ. ಯಾವ ಪ್ಯಾಕೇಜಿನಲ್ಲೂ ಆ ವರ್ಷಗಳಿಗೆ ಪರಿಹಾರವಿಲ್ಲ.

ಬಂದ ಗ್ರಾಹಕರು ಮರಳಿದ ಪಾಠ

ಬಂಡವಾಳ ಸಕಾಲಕ್ಕೆ ಬಾರದಿದ್ದರೆ ಏನಾಗುತ್ತದೆಂಬುದನ್ನು 2024ನೇ ವರ್ಷ ತೋರಿಸಿಕೊಟ್ಟಿತು. ಆ ಜುಲೈನಲ್ಲಿ ಜಿಯೊ, ಏರ್‌ಟೆಲ್, ವೊಡಾಫೋನ್ ಐಡಿಯಾ ಮೂರೂ ಕಂಪನಿಗಳು ದರ ಏರಿಸಿದವು. ಬಿಎಸ್‌ಎನ್‌ಎಲ್ ಏರಿಸಲಿಲ್ಲ. ಅದೊಂದೇ ತಿಂಗಳಲ್ಲಿ 29 ಲಕ್ಷಕ್ಕೂ ಹೆಚ್ಚು, ಆಗಸ್ಟ್‌ನಲ್ಲಿ ಮತ್ತೆ ಸುಮಾರು 25 ಲಕ್ಷ ಗ್ರಾಹಕರು ಬಿಎಸ್‌ಎನ್‌ಎಲ್ ಕಡೆಗೆ ಹೆಚ್ಚಾದರು. ಯಾವ ಜಾಹೀರಾತಿಗೂ ದಕ್ಕದ ಅವಕಾಶ ತಾನಾಗಿಯೇ ಬಾಗಿಲಿಗೆ ಬಂದಿತ್ತು. ಆದರೆ 4ಜಿ ಜಾಲ ಆಗ ಅರೆಬರೆಯಾಗಿತ್ತು. ನವೆಂಬರ್ ಹೊತ್ತಿಗೆ ಸಂಖ್ಯೆ ಮತ್ತೆ ಇಳಿಯತೊಡಗಿತು. ಅಗ್ಗದ ದರ ಗ್ರಾಹಕನನ್ನು ಕರೆತರುತ್ತದೆ; ಉಳಿಸಿಕೊಳ್ಳುವುದು ಸೇವೆಯ ಗುಣಮಟ್ಟ.

ಲೆಕ್ಕದ ಪುಸ್ತಕದಲ್ಲೂ ಏರಿಳಿತ ಕಾಣುತ್ತದೆ. 2024ರ ಅಕ್ಟೋಬರ್-ಡಿಸೆಂಬರ್ ಅವಧಿಯಲ್ಲಿ ಬಿಎಸ್‌ಎನ್‌ಎಲ್ 262 ಕೋಟಿ, ಮುಂದಿನ ಮೂರು ತಿಂಗಳಲ್ಲಿ 280 ಕೋಟಿ ಲಾಭ ಗಳಿಸಿತು. ಸುಮಾರು 17 ವರ್ಷಗಳಲ್ಲಿ ಇಂತಹ ಸುದ್ದಿ ಬಂದಿರಲಿಲ್ಲ. ಆದರೂ 2024-25ರ ಇಡೀ ವರ್ಷಕ್ಕೆ 2,247 ಕೋಟಿ ನಷ್ಟವೇ ಉಳಿಯಿತು. ಹಿಂದಿನ ವರ್ಷದ 5,370 ಕೋಟಿಗೆ ಹೋಲಿಸಿದರೆ ಅರ್ಧಕ್ಕಿಂತ ಕಡಿಮೆ. 2025ರ ಏಪ್ರಿಲ್ ನಂತರದ ಎರಡು ತ್ರೈಮಾಸಿಕಗಳಲ್ಲಿ ನಷ್ಟ ಮತ್ತೆ ತಲಾ 1,000 ಕೋಟಿ ದಾಟಿತು. ಇದರಿಂದ ಹೌಹಾರಬೇಕಿಲ್ಲ. ಹೊಸ ಉಪಕರಣಗಳ ಸವಕಳಿಯನ್ನು ವರ್ಷವರ್ಷವೂ ವೆಚ್ಚವೆಂದು ಬರೆಯಬೇಕಾಗುತ್ತದೆ. ಅಡಿಕೆ ಸಸಿ ನೆಟ್ಟವನಿಗೆ ಮೊದಲ ವರ್ಷಗಳಲ್ಲಿ ಖರ್ಚೇ ಹೊರತು ಫಸಲಿಲ್ಲ. ಆದರೆ ನೀರು, ಗೊಬ್ಬರ ನಿಲ್ಲಿಸಿದರೆ ಫಸಲು ಎಂದಿಗೂ ಬಾರದು.

ಆ ನೀರು, ಗೊಬ್ಬರವೇ ನಿರ್ವಹಣೆ. 2020ರ ಜನವರಿ 31ರಂದು ಒಂದೇ ದಿನ ಸುಮಾರು 78,000 ನೌಕರರು ಸ್ವಯಂನಿವೃತ್ತಿ ಪಡೆದು ಬಿಎಸ್‌ಎನ್‌ಎಲ್‌ನಿಂದ ಹೊರನಡೆದರು. ಒಟ್ಟು ಸಿಬ್ಬಂದಿಯ ಅರ್ಧದಷ್ಟು. ಆದಾಯದ ಶೇ. 75ರಷ್ಟು ವೇತನಕ್ಕೇ ಹೋಗುತ್ತಿದ್ದ ಕಂಪನಿಗೆ ಇದು ಅನಿವಾರ್ಯವೂ ಆಗಿತ್ತು. ಆದರೆ ಅವರೊಡನೆ ಯಾವ ಕಂಬ ಎಲ್ಲಿದೆ, ಯಾವ ಕೇಬಲ್ ಯಾವ ತಿರುವಿನಲ್ಲಿ ಹೋಗಿದೆ ಎಂಬ ದಶಕಗಳ ಅರಿವೂ ಹೊರಗೆ ಹೋಯಿತು. ಗೋಪುರ ಕಟ್ಟುವುದು ಒಮ್ಮೆ ಮಾಡುವ ವೆಚ್ಚ. ಬ್ಯಾಟರಿ, ಡೀಸೆಲ್, ಕಡಿದುಹೋದ ಕೇಬಲ್ ಜೋಡಿಸುವ ಕೆಲಸಗಾರ, ಇವು ಪ್ರತಿದಿನದ ವೆಚ್ಚ. ಮಳೆಗಾಲದಲ್ಲಿ ಕರೆಂಟು ಹೋದೊಡನೆ ಮೌನವಾಗುವ ಗೋಪುರ ಸರ್ಕಾರದ ಅಂಕಿಅಂಶದಲ್ಲಿ ‘ಸಂಪರ್ಕಿತ ಗ್ರಾಮ’ವಾಗಿರುತ್ತದೆ, ಆ ಊರಿನ ವಿದ್ಯಾರ್ಥಿಗೆ ಅದು ಬರಿಯ ಕಬ್ಬಿಣ.

ಖಾಸಗಿಯವರು ಸಾಕಲ್ಲವೇ?

ನಷ್ಟದ ಕಂಪನಿಗೆ ತೆರಿಗೆಯ ಹಣ ಸುರಿಯುವುದೇಕೆ, ಖಾಸಗಿಯವರು ಸೇವೆ ಕೊಡುತ್ತಿದ್ದಾರಲ್ಲ ಎಂಬ ವಾದವಿದೆ. ಇದನ್ನು ಗೌರವದಿಂದಲೇ ಪರಿಶೀಲಿಸಬೇಕು. 2025ರ ಜನವರಿ-ಮಾರ್ಚ್ ಅವಧಿಯಲ್ಲಿ ಏರ್‌ಟೆಲ್‌ಗೆ ಒಬ್ಬ ಗ್ರಾಹಕನಿಂದ ತಿಂಗಳಿಗೆ ಸರಾಸರಿ 245 ರೂಪಾಯಿ, ಜಿಯೊಗೆ ಸುಮಾರು 206 ರೂಪಾಯಿ ಆದಾಯವಿತ್ತು. ಬಿಎಸ್‌ಎನ್‌ಎಲ್‌ನದು ಇದರ ಅರ್ಧಕ್ಕಿಂತಲೂ ಕಡಿಮೆ. ಗ್ರಾಹಕನ ಸರಾಸರಿ ಆದಾಯವೇ ಹೂಡಿಕೆದಾರ ಮೊದಲು ನೋಡುವ ಅಂಕಿ. 2020ರಲ್ಲಿ ಫೇಸ್‌ಬುಕ್ ಒಂದೇ 43,574 ಕೋಟಿ ರೂಪಾಯಿ ಹೂಡಿ ಜಿಯೊ ಪ್ಲಾಟ್‌ಫಾರ್ಮ್ಸ್‌ನ ಶೇ. 9.99 ಪಾಲು ಕೊಂಡದ್ದು ಇಂತಹ ಬೆಳವಣಿಗೆಯ ನಿರೀಕ್ಷೆಯಿಂದ. ಹೂಡಿಕೆದಾರನಿಗೆ ಉತ್ತರ ಹೇಳಬೇಕಾದ ಕಂಪನಿ 60 ಮನೆಗಳ ಕಾಡಂಚಿನ ಊರಿಗೆ ಗೋಪುರ ನಿಲ್ಲಿಸದಿದ್ದರೆ ಅದು ದುರುದ್ದೇಶವಲ್ಲ, ಅದರ ಲೆಕ್ಕಾಚಾರ.

ಖಾಸಗಿ ಬಂಡವಾಳವೂ ಸುರಕ್ಷಿತವೇನಲ್ಲ. 2018ರ ಆಗಸ್ಟ್‌ನಲ್ಲಿ ಎರಡು ದೊಡ್ಡ ಕಂಪನಿಗಳು ವಿಲೀನಗೊಂಡು ಹುಟ್ಟಿದ ವೊಡಾಫೋನ್ ಐಡಿಯಾ, ಪರವಾನಗಿ ಶುಲ್ಕದ ಬಾಕಿ ಕುರಿತ 2019ರ ಅಕ್ಟೋಬರ್ 24ರ ಸುಪ್ರೀಂ ಕೋರ್ಟ್ ತೀರ್ಪಿನ ಬಳಿಕ 2019-20ರಲ್ಲಿ 73,878 ಕೋಟಿ ನಷ್ಟ ತೋರಿಸಿತು. ಬಾಕಿಯನ್ನು ಷೇರಾಗಿ ಬದಲಿಸುತ್ತ ಬಂದ ಕೇಂದ್ರ ಸರ್ಕಾರ 2025ರಲ್ಲಿ ಅದರ ಶೇ. 48.99 ಪಾಲಿನ ಒಡೆಯನಾಯಿತು. ಅಂದರೆ ಸಂಕಷ್ಟ ಬಂದಾಗ ಖಾಸಗಿ ಕಂಪನಿಗೂ ಸಾರ್ವಜನಿಕ ನೆರವು ಒದಗಿತು. ಮಾರುಕಟ್ಟೆಯಲ್ಲಿ ಇಬ್ಬರೇ ಉಳಿದರೆ ದರದ ಗತಿ ಏನಾದೀತೆಂಬುದನ್ನು ರೀಚಾರ್ಜ್ ಮಾಡಿಸುವ ಪ್ರತಿ ತಾಯಿತಂದೆಯೂ ಊಹಿಸಬಲ್ಲರು. 2015ರ ಜೂನ್ 15ರಿಂದ ದೇಶದೆಲ್ಲೆಡೆ ರೋಮಿಂಗ್‌ನ ಒಳಬರುವ ಕರೆಗಳನ್ನು ಉಚಿತಗೊಳಿಸಿದ್ದು ಬಿಎಸ್‌ಎನ್‌ಎಲ್. ಗಡಿ ದಾಟಿದೊಡನೆ ತವರಿನ ಕರೆಗೂ ದುಡ್ಡು ತೆರುತ್ತಿದ್ದ ನಮ್ಮಂಥವರಿಗೆ ಅದರ ಬೆಲೆ ಗೊತ್ತು. ಸಾರ್ವಜನಿಕ ಕಂಪನಿಯೊಂದು ಕಣದಲ್ಲಿರುವುದರ ಲಾಭ ಅದರ ಗ್ರಾಹಕರಿಗಷ್ಟೇ ಸೀಮಿತವಲ್ಲ.

ಹಳ್ಳಿಯ ಸಂಪರ್ಕಕ್ಕೆಂದೇ ಒಂದು ನಿಧಿಯೂ ಇದೆ. 2002ರಿಂದ ಎಲ್ಲ ದೂರಸಂಪರ್ಕ ಕಂಪನಿಗಳ ಹೊಂದಾಣಿಕೆಗೊಂಡ ಆದಾಯದ ಶೇ. 5ರಷ್ಟು ಇದಕ್ಕೆಂದು ಸಂಗ್ರಹವಾಗುತ್ತಿದೆ. 2023ರ ದೂರಸಂಪರ್ಕ ಕಾಯ್ದೆ ಇದಕ್ಕೆ ‘ಡಿಜಿಟಲ್ ಭಾರತ್ ನಿಧಿ’ ಎಂದು ಹೊಸ ಹೆಸರಿಟ್ಟಿತು. ನಾವು ಮಾಡಿಸುವ ಪ್ರತಿ ರೀಚಾರ್ಜ್‌ನ ಒಂದಂಶ ಅಲ್ಲಿ ಸೇರುತ್ತದೆ. 2022ರ ಜುಲೈನಲ್ಲಿ ಜಾಲವಿಲ್ಲದ 24,680 ಹಳ್ಳಿಗಳಿಗೆ 4ಜಿ ಒದಗಿಸುವ 26,316 ಕೋಟಿಯ ಯೋಜನೆಯನ್ನು ಬಿಎಸ್‌ಎನ್‌ಎಲ್‌ಗೆ ವಹಿಸಲಾಯಿತು. ಆದ್ದರಿಂದ ಅಂಚಿನ ಊರಿನವರು ಜಾಲ ಕೇಳಿದರೆ ಅದು ಬೇಡುವುದಲ್ಲ. ತಾವೂ ಕಟ್ಟಿದ ಹಣದ ಲೆಕ್ಕ ಕೇಳುವುದು.

ನಾವು ಕೇಳಬೇಕಾದದ್ದು

ಬಿಎಸ್‌ಎನ್‌ಎಲ್‌ನ ಕಾಲು ಶತಮಾನದ ಕಥೆಯಿಂದ ನಮಗೆ ತಿಳಿಯುವುದು ಇಷ್ಟು: ಈ ಕಂಪನಿಗೆ ಹಣದ ಕೊರತೆಗಿಂತ ಹೆಚ್ಚಿನ ಹಾನಿ ಮಾಡಿದ್ದು ನಿರ್ಧಾರದ ವಿಳಂಬ. ಈಗ 5ಜಿಯ ಸರದಿ. ಇದಕ್ಕೂ 4ಜಿಯಂತೆ ಒಂಬತ್ತು ವರ್ಷ ಹಿಡಿದರೆ ಈಗ ಎದ್ದಿರುವ ಗೋಪುರಗಳೂ ವ್ಯರ್ಥವಾದಾವು. ಆದ್ದರಿಂದ ಮುಂದಿನ ಪ್ಯಾಕೇಜ್‌ನ ಸುದ್ದಿ ಬಂದಾಗ ಒಟ್ಟು ಮೊತ್ತಕ್ಕೆ ಬೆರಗಾಗದೆ ಮೂರು ಸಂಗತಿಗಳನ್ನು ಹುಡುಕೋಣ: ಅದರಲ್ಲಿ ನಗದು ಎಷ್ಟು, ನಿರ್ವಹಣೆಗೆ ಎಷ್ಟು, ಯಾವ ದಿನಾಂಕದೊಳಗೆ.

ಊರಿನ ಮಟ್ಟದಲ್ಲೂ ಮಾಡಬಹುದಾದ ಕೆಲಸವಿದೆ. ಟ್ರಾಯ್ 2024ರಲ್ಲಿ ಹೊರಡಿಸಿದ ಸೇವಾ ಗುಣಮಟ್ಟದ ನಿಯಮಗಳ ಪ್ರಕಾರ ಪ್ರತಿ ಕಂಪನಿಯೂ ತನ್ನ ಜಾಲ ಎಲ್ಲೆಲ್ಲಿ ಸಿಗುತ್ತದೆಂಬ ನಕ್ಷೆಯನ್ನು ಜಾಲತಾಣದಲ್ಲಿ ಪ್ರಕಟಿಸಬೇಕು. ಜಿಲ್ಲಾ ಮಟ್ಟದಲ್ಲಿ ಸೇವೆ 24 ಗಂಟೆ ಮೀರಿ ನಿಂತುಹೋದರೆ ಗ್ರಾಹಕರಿಗೆ ಬಾಡಿಗೆಯ ರಿಯಾಯಿತಿ ಅಥವಾ ಅವಧಿಯ ವಿಸ್ತರಣೆ ಕೊಡಬೇಕು. ಶಾಲಾ ನಿರ್ವಹಣಾ ಸಮಿತಿಗಳು, ಶಿಕ್ಷಕ-ರಕ್ಷಕ ಸಂಘಗಳು ಒಂದು ಭಾನುವಾರ ಕುಳಿತು ನಕ್ಷೆಯಲ್ಲಿ ಬಣ್ಣ ತುಂಬಿರುವ ತಮ್ಮ ಊರಿನ ಯಾವ ಯಾವ ಕೇರಿಗಳಲ್ಲಿ ನಿಜಕ್ಕೂ ಸಂಕೇತ ಸಿಗುತ್ತದೆ, ಎಷ್ಟು ಹೊತ್ತು ಸಿಗುತ್ತದೆ ಎಂದು ಪಟ್ಟಿ ಮಾಡಲಿ. ದಿನಾಂಕ, ವೇಳೆ, ಮಕ್ಕಳ ಸಂಖ್ಯೆಯಿರುವ ಆ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಮಂಡಿಸಿ, ಸಂಸದರಿಗೂ ಕಂಪನಿಯ ಜಿಲ್ಲಾ ಕಚೇರಿಗೂ ಕಳುಹಿಸಲಿ. ಬರಿಯ ಗೊಣಗಾಟಕ್ಕೆ ಕಡತವಿಲ್ಲ. ಪಟ್ಟಿಗೆ ಉತ್ತರ ಬರೆಯಲೇಬೇಕಾಗುತ್ತದೆ. ನೆರೆರಾಜ್ಯದ ಸರ್ಕಲ್‌ಗಳ ಗ್ರಾಹಕ ಸೇವೆಯಲ್ಲಿ ಕನ್ನಡದ ಆಯ್ಕೆ ಇರಬೇಕೆಂಬ ಬೇಡಿಕೆಯನ್ನೂ ಅದೇ ಪತ್ರದಲ್ಲಿ ಸೇರಿಸೋಣ.

ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಬೇಕೆನ್ನುತ್ತದೆ. 1956ರಲ್ಲಿ ಆ ವಿಧಿ ಸೇರ್ಪಡೆಯಾದಾಗ ಸೌಲಭ್ಯವೆಂದರೆ ಕಟ್ಟಡ, ಶಿಕ್ಷಕ, ಪಠ್ಯಪುಸ್ತಕ. ಇಂದು ಜಾಲವೂ ಅದರೊಳಗೆ ಸೇರಿದೆ. ಕನ್ನಡದ ಪಾಠ ಕೈಗೆಟುಕದೆ ಹೋದಾಗ, ಬೇರೆ ಮಾಧ್ಯಮಕ್ಕೆ ಸೇರಿಸಿದರೆ ಮೇಲಲ್ಲವೇ ಎಂದು ಪೋಷಕರು ಯೋಚಿಸತೊಡಗುತ್ತಾರೆ. ಹಾಗೆ ಒಂದೊಂದೇ ಮಗು ಹೊರಟು ತರಗತಿ ಕರಗುತ್ತದೆ. ದಿಲ್ಲಿಯಲ್ಲಿ ಮುಂದಕ್ಕೆ ಹೋದ ಒಂದು ಟೆಂಡರ್‌ಗೂ ಗಡಿಯ ಕನ್ನಡ ಶಾಲೆಯ ಹಾಜರಿ ಪುಸ್ತಕಕ್ಕೂ ನಂಟಿದೆ. ಆ ನಂಟನ್ನು ಅರಿತ ಪೋಷಕರು ಮುಂದಿನ ಗ್ರಾಮಸಭೆಗೆ ಪಟ್ಟಿ ಹಿಡಿದು ಹೋಗಲಿ ಎಂಬುದು ನಮ್ಮ ವಿನಂತಿ.